ಕಿಡ್ನಿ ಕಲ್ಲು ಮತ್ತೆ ಬರದಿರಬೇಕೇ? ಮಳೆಗಾಲದಲ್ಲೇ ಶುರು ಮಾಡಿ

ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವ ತಿಂಗಳು) ಮಳೆ ಹಿಡಿದರೆ ಕೊಡಗಿನಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಒಲೆಯ ಪಕ್ಕ ಕೂತು ಬೆಲ್ಲದ ಕಾಫಿ ಕುಡಿಯುತ್ತೇವೆ, ಗಂಜಿಗೆ ಸುಟ್ಟ ಒಣಮೀನು ನೆಂಚಿಕೊಳ್ಳುತ್ತೇವೆ. ನೀರಿನ ಚೊಂಬು ಮಾತ್ರ ಇಟ್ಟಲ್ಲೇ ಇರುತ್ತದೆ. ಬಾಯಾರಿಕೆಯೇ ಆಗದ ಮೇಲೆ ನೀರು ಯಾರಿಗೆ ನೆನಪಾಗುತ್ತದೆ?

ನನಗೆ ಎರಡನೇ ಸಲ ಕಲ್ಲಿನ ನೋವು ಬಂದದ್ದು ಅಂಥದೇ ಒಂದು ಆಗಸ್ಟ್ ರಾತ್ರಿ. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ ತೊಡೆಸಂದಿಗೆ ಇಳಿಯಿತು. ಸುಂಟಿಕೊಪ್ಪದಿಂದ ಮಡಿಕೇರಿ ತಲುಪುವ ತನಕ ಜೀಪಿನಲ್ಲಿ ಕೂರಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ. ಮೊದಲ ಕಲ್ಲು ಬಿದ್ದು ಆಗ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ನಾನು ಹಾಲು, ಮೊಸರು, ಟೊಮೆಟೊ ಮೂರನ್ನೂ ಬಿಟ್ಟಿದ್ದೆ. ಮೂರರಲ್ಲಿ ಒಂದನ್ನೂ ಬಿಡಬೇಕಾಗಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ.

ತಡೆಯಲು ಏನೂ ಮಾಡದಿದ್ದರೆ, ಒಮ್ಮೆ ಕಲ್ಲು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ 5ರಿಂದ 10 ವರ್ಷದೊಳಗೆ ಅದು ಮತ್ತೆ ಬರುತ್ತದೆ. ತಡೆಯುವುದಕ್ಕೆ ದಾರಿ ಇದೆ, ಅದಕ್ಕೊಂದು ಕ್ರಮವೂ ಇದೆ. ಆ ಕ್ರಮ ತಪ್ಪಿದರೆ ನನ್ನ ಹಾಗೆ ಬೇಡದ್ದನ್ನೆಲ್ಲ ಬಿಟ್ಟು ಬೇಕಾದದ್ದನ್ನು ಮರೆಯುತ್ತೇವೆ.

ಮೊದಲು, ನಿಮ್ಮ ಕಲ್ಲು ಯಾವುದು?

ಕಲ್ಲು ಬೀಳುವ ಸೂಚನೆ ಇದ್ದಾಗ ಚಹಾ ಸೋಸುವ ಒಂದು ಜಾಲರಿಯನ್ನು ಇದಕ್ಕೆಂದೇ ತೆಗೆದಿಡಿ. ಪ್ರತಿ ಸಲ ಮೂತ್ರವನ್ನು ಅದರ ಮೂಲಕ ಹೋಗಲು ಬಿಡಿ. ನನ್ನದು ಮೂರನೇ ದಿನ ಸಿಕ್ಕಿತು. ಅರ್ಧ ಭತ್ತದ ಕಾಳಿನಷ್ಟು, ಕಡುಕಂದು, ಬೆರಳಿಗೆ ಮುಳ್ಳುಮುಳ್ಳಾಗಿ ತಾಗುತ್ತಿತ್ತು. ಅದನ್ನು ತೊಳೆದು, ಒಣಗಿಸಿ, ಸಣ್ಣ ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ಕೊಡಿ. ಲ್ಯಾಬ್ ಪರೀಕ್ಷೆಯಲ್ಲಿ ಅದರ ಜಾತಿ ತಿಳಿಯುತ್ತದೆ. ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಉಳಿದವುಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್, ಯೂರಿಕ್ ಆಸಿಡ್, ಮೂತ್ರದ ಸೋಂಕಿನಿಂದ ಬೆಳೆಯುವ ಸ್ಟ್ರುವೈಟ್, ಅಪರೂಪಕ್ಕೆ ವಂಶದಲ್ಲಿ ಬರುವ ಸಿಸ್ಟೀನ್. ಒಂದಕ್ಕೆ ಹೇಳಿದ ಪಥ್ಯ, ಮಾತ್ರೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಅದಕ್ಕೇ ಪಕ್ಕದ ಮನೆಯವರ ಚೀಟಿ ನಿಮಗೆ ಉಪಯೋಗವಿಲ್ಲ.

ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ಯೂರಿಕ್ ಆಸಿಡ್, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ನೋಡುತ್ತಾರೆ. ಕ್ಯಾಲ್ಸಿಯಂ ಏರಿದ್ದರೆ, ಅದನ್ನು ಹಿಡಿತದಲ್ಲಿಡುವ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಪರೀಕ್ಷೆ ತಪ್ಪದೆ ಆಗಬೇಕು. ಎರಡನೇ ಸಲ ಕಲ್ಲು ಬಂದವರು 24 ಗಂಟೆಯ ಮೂತ್ರ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಬೆಳಿಗ್ಗೆ 6ಕ್ಕೆ ಎದ್ದ ಕೂಡಲೇ ಬರುವುದನ್ನು ಚೆಲ್ಲಬೇಕು, ಲೆಕ್ಕ ಅಲ್ಲಿಂದ ಶುರು. ಆಮೇಲೆ ಬಂದದ್ದೆಲ್ಲ ಲ್ಯಾಬಿನವರು ಕೊಟ್ಟ ಕ್ಯಾನಿಗೆ. ಮರುದಿನ 6ಕ್ಕೆ ಬರುವುದನ್ನೂ ಸೇರಿಸಿ ಮುಚ್ಚಳ ಹಾಕಿ. ಆ ದಿನ ಎಂದಿನಂತೆಯೇ ಊಟ ಮಾಡಿ. ಪರೀಕ್ಷೆ ಇದೆಯೆಂದು ಪಥ್ಯ ಮಾಡಿದರೆ ವರದಿಯೇ ಸುಳ್ಳಾಗುತ್ತದೆ.

ನೀರು: ಹೊರಗೆ ಹೋದದ್ದನ್ನು ಅಳೆಯಿರಿ

ದಿನಕ್ಕೆ ಎಂಟು ಲೋಟ, ಹತ್ತು ಲೋಟ ಎಂಬ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಲೋಟ ಎಷ್ಟು ದೊಡ್ಡದು, ಬೆವರು ಎಷ್ಟು ಹೋಯಿತು, ಇದಕ್ಕೆಲ್ಲ ಯಾರು ಲೆಕ್ಕ ಇಡುತ್ತಾರೆ? ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ ಹೋಗಬೇಕು ಎಂಬುದೇ ಗುರಿ. ತಿಂಗಳಿಗೆ ಒಂದು ಭಾನುವಾರ ಅಳತೆ ಗುರುತಿರುವ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲುಮನೆಯಲ್ಲಿಟ್ಟು ಅಳೆದು ನೋಡಿ. ನಾನು ಮೊದಲ ಸಲ ಅಳೆದಾಗ ಸಿಕ್ಕಿದ್ದು ಒಂದು ಲೀಟರಿಗೆ ತುಸು ಮೇಲೆ. ಚೆನ್ನಾಗಿ ನೀರು ಕುಡಿಯುತ್ತೇನೆ ಎಂದುಕೊಂಡಿದ್ದೆ.

ಇದರ ಫಲವನ್ನು ಇಟಲಿಯಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ್ದಾರೆ. ಮೊದಲ ಸಲ ಕಲ್ಲು ಬಂದ 199 ಜನರನ್ನು ಐದು ವರ್ಷ ಗಮನಿಸಿದರು. ಧಾರಾಳ ನೀರು ಕುಡಿದವರಲ್ಲಿ ನೂರಕ್ಕೆ 12 ಮಂದಿಗೆ ಕಲ್ಲು ಮರುಕಳಿಸಿತು, ಉಳಿದವರಲ್ಲಿ ನೂರಕ್ಕೆ 27. ಕೊಟ್ಟ ಔಷಧ ಬರೀ ನೀರು.

ನಮ್ಮ ಹವೆಗೆ ತಣ್ಣೀರು ಒಳಗಿಳಿಯುವುದಿಲ್ಲ. ಒಂದು ಲೀಟರಿನ ಫ್ಲಾಸ್ಕಿನಲ್ಲಿ ಜೀರಿಗೆ ನೀರನ್ನೋ ಬರಿಯ ಬಿಸಿನೀರನ್ನೋ ತುಂಬಿ ಕಣ್ಣಿಗೆ ಕಾಣುವಲ್ಲಿ ಇಡಿ. ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಫ್ಲಾಸ್ಕ್, ಸಂಜೆಯೊಳಗೆ ಇನ್ನೊಂದು ಮುಗಿಯಲಿ, ಮೂರನೆಯದು ರಾತ್ರಿ ಊಟದ ಆಚೀಚೆಗೆ. ರಾತ್ರಿ ಮೂತ್ರ ಗಟ್ಟಿಯಾಗುವುದರಿಂದ ಮಲಗುವಾಗ ಒಂದು ಲೋಟ ಕುಡಿಯಿರಿ, ನಡುವೆ ಎದ್ದರೆ ಇನ್ನೊಂದು. ಕಾಫಿಯೂ ಲೆಕ್ಕಕ್ಕೆ ಸೇರುತ್ತದೆ. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕಾಫಿ ಕುಡಿಯುವವರಿಗೆ ಕಲ್ಲು ಕಡಿಮೆಯೇ ಕಂಡಿದೆ. ಸಕ್ಕರೆಯ ಬಾಟಲಿ ಪಾನೀಯಗಳದ್ದು ಇದಕ್ಕೆ ತದ್ವಿರುದ್ಧ. ಹೃದಯದ ತೊಂದರೆಗೋ ಕಿಡ್ನಿ ಸೋತದ್ದಕ್ಕೋ ನೀರು ಮಿತಿಗೊಳಿಸಿರುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಬರುತ್ತಿದ್ದ ಅಕ್ಕನೊಬ್ಬರಿಗೆ ಎರಡು ಸಲ ಕಲ್ಲು ಬಂತು. ನೀರು ಕುಡಿಯಿರಿ ಎಂದರೆ ಅವರು ಕೇಳಿದ್ದು ಇಷ್ಟೇ: “ಕುಡಿದು ಎಲ್ಲಿಗೆ ಹೋಗೋದು ಅಣ್ಣಾ, ಸುತ್ತ ಗಂಡಸರೇ ಇರ್ತಾರೆ.” ಬೆಳಿಗ್ಗೆ ಎಂಟಕ್ಕೆ ಬಂದವರು ಸಂಜೆ ಮನೆ ಸೇರುವ ತನಕ ತಡೆದುಕೊಳ್ಳುತ್ತಿದ್ದರು. ಆ ವರ್ಷವೇ ಕಣದ ಹತ್ತಿರ ನೀರಿನ ನಲ್ಲಿಯಿರುವ ಒಂದು ಶೌಚಾಲಯ ಕಟ್ಟಿಸಿದೆವು. ಮೊದಲೇ ಕಟ್ಟಿಸಬೇಕಿತ್ತು. ತೋಟ ಇರುವವರು ಈ ಲೇಖನದಿಂದ ಒಂದೇ ಕೆಲಸ ಮಾಡುವುದಿದ್ದರೆ ಅದನ್ನು ಮಾಡಿ.

ಮೂತ್ರದ ಬಣ್ಣ ಒಣಹುಲ್ಲಿನ ತಿಳಿಹಳದಿಯಂತಿದ್ದರೆ ಸಾಕು. ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಅದು ಕೆಂಪಾಗುವುದು ನಮಗೆಲ್ಲ ಗೊತ್ತಿದ್ದದ್ದೇ, ಅದಕ್ಕೆ ಗಾಬರಿ ಬೇಡ. ಆದರೆ ಪಾಯಸ ಉಣ್ಣದ ದಿನ ಕೆಂಪಾದರೆ, ಅಥವಾ ಕೆಂಪಿನ ಜೊತೆ ನೋವಿದ್ದರೆ, ಸೊಪ್ಪಿನ ಮೇಲೆ ಹಾಕಿ ಸುಮ್ಮನಿರಬೇಡಿ. ಅದು ರಕ್ತವಿರಬಹುದು.

ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ

ಉಪ್ಪು ಹೆಚ್ಚಾದಷ್ಟೂ ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ಹೆಚ್ಚುತ್ತದೆ. ಸೋಡಿಯಂ ಹೊರಗೆ ಹೋಗುವಾಗ ಕ್ಯಾಲ್ಸಿಯಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಇದನ್ನು ಅಡುಗೆಮನೆಯಲ್ಲಿ ಅಳೆಯುವ ಸುಲಭದ ದಾರಿ ಇದು: ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಅದು 50 ದಿನಕ್ಕಾದರೂ ಬರಬೇಕು. ಒಣಮೀನು, ಉಪ್ಪಿನಕಾಯಿ, ಬೇಕರಿ ತಿನಿಸಿನ ಉಪ್ಪು ಈ ಲೆಕ್ಕದ ಹೊರಗಿರುವುದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಮೊದಲು 28 ದಿನಕ್ಕೆ ಖಾಲಿಯಾಗುತ್ತಿತ್ತು.

ಮಳೆಗಾಲದ ಒಣಮೀನನ್ನು ಪೂರ್ತಿ ಬಿಡಲು ನನ್ನಿಂದ ಆಗಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಬದಲಿಸಿ ಇನ್ನೊಮ್ಮೆ ನೆನೆಸಿ ಮಾಡುತ್ತೇವೆ, ಅದೂ ವಾರಕ್ಕೊಮ್ಮೆ. ಹಂದಿ ಉಪ್ಪಿನಕಾಯಿ ಮತ್ತು ಕಣಿಲೆ ಉಪ್ಪಿನಕಾಯಿಯ ಭರಣಿಗಳು ಊಟದ ಮೇಜಿನಿಂದ ಕಪಾಟಿಗೆ ಹೋದವು.

ಹಾಲು, ಮೊಸರು ಬಿಡಬೇಡಿ

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಹಾಲು ಬೇಡ ಎಂಬ ಮಾತು ಊರೂರಿನಲ್ಲಿದೆ. ಆಗುವುದು ಬೇರೆಯೇ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು (ಕೆಲವು ಸೊಪ್ಪು, ಬೀಜಗಳಲ್ಲಿರುವ, ಕಲ್ಲು ಕಟ್ಟುವ ವಸ್ತು) ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಬಿಡುಬೀಸಾದ ಆಕ್ಸಲೇಟ್ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ. ಇಟಲಿಯ ಅದೇ ತಂಡ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪದೇ ಪದೇ ಕಲ್ಲು ಬರುತ್ತಿದ್ದ 120 ಗಂಡಸರನ್ನು ಎರಡು ಗುಂಪು ಮಾಡಿದರು. ಕ್ಯಾಲ್ಸಿಯಂ ಕಡಿಮೆ ತಿಂದ 60 ಜನರಲ್ಲಿ 23 ಮಂದಿಗೆ ಐದು ವರ್ಷದಲ್ಲಿ ಕಲ್ಲು ಮರಳಿತು. ಕ್ಯಾಲ್ಸಿಯಂ ಸಾಕಷ್ಟು ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ.

ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ಮೊಸರು, ಉಪ್ಪು ಹಾಕದ ಮಜ್ಜಿಗೆ ಊಟದ ಜೊತೆಯಲ್ಲೇ ಇರಲಿ. ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಗೆ ನುಂಗದೆ ಊಟದ ನಡುವೆ ನುಂಗಿ.

ಇನ್ನು ಕೆಂಬು, ಅಂದರೆ ಕೆಸು. ಮಳೆಗಾಲದಲ್ಲಿ ಕೆಂಬು ಕರಿ ಮಾಡದ ಮನೆ ನಮ್ಮಲ್ಲಿ ಕಡಿಮೆ. ಸರಿಯಾಗಿ ಬೇಯದ ಕೆಸುವಿನ ಸೊಪ್ಪು ತಿಂದರೆ ಗಂಟಲು ತುರಿಸುವುದು ಯಾಕೆ ಗೊತ್ತೇ? ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿವೆ, ಆ ಸೂಜಿಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ನನ್ನ ಡಬ್ಬಿಯಲ್ಲಿದ್ದ ಕಲ್ಲೂ ಅದೇ ವಸ್ತು. ಹಾಗೆಂದು ತಿಂದ ಸೂಜಿಯೇ ಹೋಗಿ ಕಿಡ್ನಿಯಲ್ಲಿ ಕೂರುವುದಿಲ್ಲ. ತೊಂದರೆ ಕೊಡುವುದು ನೀರಿನಲ್ಲಿ ಕರಗುವ ಆಕ್ಸಲೇಟ್, ಅದೂ ಆ ಸೊಪ್ಪಿನಲ್ಲಿದೆ. ತುಂಬ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಅದರಲ್ಲಿ ಒಳ್ಳೆಯ ಪಾಲು ಹೋಗುತ್ತದೆ. ಆಮೇಲೆ ಒಗ್ಗರಣೆ ಹಾಕಿ, ಮೊಸರಿನ ಜೊತೆ ಅಪರೂಪಕ್ಕೆ ತಿನ್ನಿ. ಪಾಲಕ್, ಹರಿವೆ, ಬೀಟ್‌ರೂಟ್, ಗೋಡಂಬಿ, ಬಾದಾಮಿಯಲ್ಲೂ ಆಕ್ಸಲೇಟ್ ಹೆಚ್ಚು. ಮಿಕ್ಸಿಯಲ್ಲಿ ಹಸಿ ಪಾಲಕ್ ಅರೆದು ದಿನಾ ಕುಡಿಯುವುದಂತೂ ಬೇಡವೇ ಬೇಡ. ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆ, ಧಾರಾಳ ತಿನ್ನಿ. ವಿಟಮಿನ್ ಸಿ ಮಾತ್ರೆಯನ್ನು ದಿನಕ್ಕೆ ಗ್ರಾಂಗಟ್ಟಲೆ ನುಂಗಿದರೆ ಅದು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ.

ಹಂದಿ ಕರಿ, ಕಾಚಂಪುಳಿ, ಕಿತ್ತಳೆ

ಮಾಂಸ ಹೆಚ್ಚಾದಾಗ ಮೂತ್ರ ಹುಳಿಯಾಗುತ್ತದೆ, ಯೂರಿಕ್ ಆಸಿಡ್ ಏರುತ್ತದೆ, ಕಲ್ಲು ಕಟ್ಟದಂತೆ ಕಾಯುವ ಸಿಟ್ರೇಟ್ ಇಳಿಯುತ್ತದೆ. ಕೈಲ್‌ಪೋದ್, ಪುತ್ತರಿ, ಮದುವೆಮನೆ ಬಿಟ್ಟು ಬದುಕಿ ಎಂದು ಹೇಳುವಷ್ಟು ನಾನು ಕಠೋರನಲ್ಲ. ಹಬ್ಬದ ದಿನ ಒಂದೇ ಹೊತ್ತು ತಿನ್ನಿ, ಆ ದಿನ ಇನ್ನೊಂದು ಫ್ಲಾಸ್ಕ್ ನೀರು ಹೆಚ್ಚು ಕುಡಿಯಿರಿ. ಉಳಿದ ದಿನಗಳಲ್ಲಿ ಅಂಗೈಯಗಲದ ಪಾಲು ಸಾಕು, ವಾರದಲ್ಲಿ ಕೆಲವು ದಿನ ಬೇಳೆ, ತರಕಾರಿಯೇ ಇರಲಿ. ಯೂರಿಕ್ ಆಸಿಡ್ ಕಲ್ಲಿನವರು ಲಿವರ್, ಮತ್ತಿ ಮೀನಿನಿಂದ ದೂರ ಇರಿ. ಕಲ್ಲಿಗೆ ಬಿಯರ್ ಒಳ್ಳೆಯದು ಎಂಬ ಮಾತನ್ನು ಅವರು ಕೇಳಲೇಬೇಡಿ, ಬಿಯರ್ ಯೂರಿಕ್ ಆಸಿಡನ್ನು ಏರಿಸುತ್ತದೆ.

ಕಾಚಂಪುಳಿ (ನಾವು ಹಂದಿ ಕರಿಗೆ ಹಾಕುವ ಹಣ್ಣಿನ ಕಪ್ಪು ಹುಳಿ) ಕಲ್ಲು ಕರಗಿಸುತ್ತದೆಯಂತೆ ಎಂದು ಈಚೆಗೆ ಕೆಲವರು ಕೇಳುತ್ತಿದ್ದಾರೆ. ಆ ಮಾತಿಗೊಂದು ಮೂಲವಿದೆ. ಕಾಚಂಪುಳಿಯ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರೇಟ್ ಕ್ಯಾಲ್ಸಿಯಂ ಆಕ್ಸಲೇಟ್ ಹರಳನ್ನು ಕರಗಿಸಬಲ್ಲದು ಎಂದು 2016ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅದು ಗಾಜಿನ ತಟ್ಟೆಯ ಮೇಲಿನ ಹರಳು. ಕರಿಗೆ ಹಾಕುವ ಅರ್ಧ ಚಮಚ ಕಾಚಂಪುಳಿಯನ್ನು ಔಷಧವೆಂದು ನಂಬಬೇಡಿ. ಸಿಟ್ರೇಟ್ ಬೇಕಿದ್ದರೆ ದಿನಕ್ಕೆ ಎರಡು ನಿಂಬೆಹಣ್ಣಿನ ರಸವನ್ನು ಉಪ್ಪು, ಸಕ್ಕರೆ ಎರಡೂ ಹಾಕದೆ ನೀರಿಗೆ ಹಿಂಡಿ ಕುಡಿಯಿರಿ. ಋತುವಿನಲ್ಲಿ ನಮ್ಮ ಕಿತ್ತಳೆ ಇದ್ದೇ ಇದೆ.

ಹುರುಳಿ ಕಟ್ಟು, ಬಾಳೆದಿಂಡಿನ ರಸ, ಕಾಡುಬಸಳೆ ಕುಡಿದು ಕಲ್ಲು ಬಿತ್ತು ಎನ್ನುವವರು ಸುಳ್ಳು ಹೇಳುತ್ತಿಲ್ಲ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಬಹುಪಾಲು ತಾವಾಗಿಯೇ ಬೀಳುತ್ತವೆ. ದೊಡ್ಡ ಕಲ್ಲನ್ನು ಒಳಗಿಟ್ಟುಕೊಂಡು ತಿಂಗಳುಗಟ್ಟಲೆ ಅವನ್ನೇ ನಂಬಿ ಕೂತರೆ ಕಿಡ್ನಿ ಹಾಳಾಗಬಹುದು, ನನ್ನ ಹೆದರಿಕೆ ಅದು.

ಮಾತ್ರೆ ಯಾರಿಗೆ, ಯಾವುದು?

ಮಾತ್ರೆ ಪರೀಕ್ಷೆಯ ವರದಿ ನೋಡಿ ಬರೆಸಿಕೊಳ್ಳುವಂಥದ್ದು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದಲ್ಲ. ಮೂತ್ರದಲ್ಲಿ ಸಿಟ್ರೇಟ್ ಕಡಿಮೆ ಇದ್ದವರಿಗೆ ಪೊಟ್ಯಾಸಿಯಂ ಸಿಟ್ರೇಟ್. ಯೂರಿಕ್ ಆಸಿಡ್ ಕಲ್ಲಿಗೂ ಮೊದಲ ಮದ್ದು ಅದೇ. ಮೂತ್ರದ ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಇದು ಏರುತ್ತದೆ) 6.5ರ ಆಸುಪಾಸಿಗೆ ಬಂದರೆ ಆ ಜಾತಿಯ ಕಲ್ಲು ನಿಜವಾಗಿಯೂ ಕರಗುತ್ತದೆ. ಕ್ಯಾಲ್ಸಿಯಂ ಕಲ್ಲು ಯಾವ ಸಿರಪ್‌ಗೂ ಕರಗುವುದಿಲ್ಲ, ಹೊಸದು ಕಟ್ಟದಂತೆ ತಡೆಯಬಹುದು ಅಷ್ಟೇ. ಪಿಎಚ್ 7 ದಾಟಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಟ್ಟಲು ಶುರುವಾಗುತ್ತದೆ, ಆದ್ದರಿಂದ ಸಿಟ್ರೇಟ್ ಮದ್ದನ್ನು ಹೆಚ್ಚು ತೆಗೆದುಕೊಂಡರೆ ಹೆಚ್ಚು ಒಳ್ಳೆಯದು ಎಂದೇನಿಲ್ಲ. ಕಿಡ್ನಿ ದುರ್ಬಲವಾಗಿರುವವರು, ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದವು ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ.

ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಥಯಾಜೈಡ್ ಗುಂಪಿನ ಮಾತ್ರೆ ಕೊಡುವುದು ಹಳೆಯ ರೂಢಿ. 2023ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 416 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಹೈಡ್ರೋಕ್ಲೋರೋಥಯಾಜೈಡ್ ನುಂಗಿದವರಿಗೂ ಬರೀ ತೋರಿಕೆಯ ಗುಳಿಗೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಈ ಮಾತ್ರೆ ವರ್ಷಗಳಿಂದ ನಡೆಯುತ್ತಿದ್ದರೆ, ಇನ್ನೂ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಯೂರಿಕ್ ಆಸಿಡ್ ಹೆಚ್ಚಿರುವ ಕ್ಯಾಲ್ಸಿಯಂ ಕಲ್ಲಿನವರಿಗೆ ಅಲೋಪ್ಯುರಿನಾಲ್ ಇದೆ. ಅದನ್ನು ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಟ್ಯಾಮ್ಸುಲೋಸಿನ್ ಇಳಿಯುತ್ತಿರುವ ಕಲ್ಲಿಗೆ ದಾರಿ ಸಡಿಲಿಸುವ ಮಾತ್ರೆ. ಕಲ್ಲು ಬಿದ್ದ ಮೇಲೂ ಅದನ್ನೇ ತಿಂಗಳುಗಟ್ಟಲೆ ನುಂಗುವವರನ್ನು ಕಂಡಿದ್ದೇನೆ, ಹೊಸ ಕಲ್ಲನ್ನು ಅದು ತಡೆಯುವುದಿಲ್ಲ. ಸೋಂಕಿನ ಕಲ್ಲಿಗೆ ಪಥ್ಯ ಸಾಲದು, ಚೂರೂ ಉಳಿಯದಂತೆ ತೆಗೆಸಬೇಕು.

ಪಥ್ಯ ಅಥವಾ ಮಾತ್ರೆ ಶುರುವಾದ ಆರು ತಿಂಗಳೊಳಗೆ 24 ಗಂಟೆಯ ಪರೀಕ್ಷೆ ಮತ್ತೊಮ್ಮೆ ಆಗಲಿ. ಆಮೇಲೆ ವರ್ಷಕ್ಕೊಮ್ಮೆ.

ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ವಾಂತಿಯಿಂದ ನೀರೂ ಒಳಗೆ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕಲ್ಲು ಅಡ್ಡ ಬಂದು ಮೂತ್ರ ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕು ಸೇರಿದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಮಡಿಕೇರಿಯಲ್ಲಿ ತುರ್ತು ಚಿಕಿತ್ಸೆ ಆದ ಮೇಲೂ ನಮ್ಮಲ್ಲಿ ಅನೇಕರು ಮುಂದಿನದಕ್ಕೆ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು, ಮಳೆ ಜೋರಾದರೆ ಗುಡ್ಡ ಕುಸಿದು ಆ ದಾರಿಯೇ ಮುಚ್ಚುತ್ತದೆ. ಅದಕ್ಕೇ ವರ್ಷದ ಸ್ಕ್ಯಾನಿಂಗನ್ನು ನಾನು ಮೇ ತಿಂಗಳಲ್ಲೇ ಮಾಡಿಸುತ್ತೇನೆ. ಒಳಗೆ ಸಣ್ಣದೊಂದು ಕಲ್ಲಿದ್ದರೂ ಜೂನ್‌ನ ಮೊದಲ ಮಳೆಗೆ ಮುಂಚೆ ಗೊತ್ತಾಗಿರುತ್ತದೆ.