ಹಾಲ್‌ಗೊಂದು ಐಎಸ್‌ಒ ನಂಬರ್

"ಮೂರು ಲಕ್ಷ ಕೊಟ್ಟು ಸ್ಟೇಜ್ ಮಾಡಿಸೀನ್ರಿ. ಇದರಾಗ ಎಲ್ಲಿ ಅದ, ತೋರಸ್ರಿ?"

ಮದುವೆ ಹುಡುಗಿಯ ಅಪ್ಪ ನಾನು ಮಾಡಿಕೊಟ್ಟ ಆಲ್ಬಂ ಹಾಳೆ ತಿರುವುತ್ತಾ ಕೇಳಿದ ಮಾತಿದು. ಆರೇಳು ವರ್ಷ ಆಗಿರಬೇಕು. ಕಲಬುರಗಿಯ ಸೇಡಂ ರಸ್ತೆ ಕಡೆಯ ಒಂದು ಫಂಕ್ಷನ್ ಹಾಲ್, ರಾತ್ರಿ ರಿಸೆಪ್ಷನ್. ಹುಡುಗ ಹುಡುಗಿ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರು. ಹಿಂದಿನ ಹೂವು, ದೀಪ, ಝೂಮರ್ ಎಲ್ಲ ಹಾಳುಬಾವಿಯ ಕತ್ತಲು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ನಂಬರ್) 400, ಶಟರ್ ತೆರೆದಿರೋದು ಸೆಕೆಂಡಿನ 1/160, ಎಫ್ (ಲೆನ್ಸಿನ ಕಂಡಿ, ನಂಬರ್ ಚಿಕ್ಕದಾದಷ್ಟೂ ಅಗಲ) 5.6, ಫ್ಲ್ಯಾಶ್ ನೇರ ಮುಖಕ್ಕೆ. ಮದುವೆ ಫೋಟೋ ಹೊಡೆಯುವ ನಮಗೆ ಕಲಿಸಿದ್ದೇ ಹಾಗೆ ಅಲ್ವಾ.

ಸರಿ ಮಾಡಿ ಕೊಡ್ತೀನಿ ಅಂತ ಮನೆಗೆ ತಂದೆ. ಎಲ್ಲಾ ಜೆಪೆಗ್, ಅಂದರೆ ಕ್ಯಾಮೆರಾನೇ ಒತ್ತಿ ಚಿಕ್ಕದು ಮಾಡಿದ ಫೈಲ್. ಕತ್ತಲನ್ನು ಎಳೆದು ಬೆಳಕು ಮಾಡಲು ಹೋದರೆ ಹೂವಿನ ಜಾಗದಲ್ಲಿ ಹಸಿರು, ನೇರಳೆ ಬಣ್ಣದ ಕೊಳೆ ಎದ್ದಿತು. ಹುಡುಗಿಯ ಕೂದಲು ಚೌಕ ಚೌಕವಾಗಿ ಒಡೆಯಿತು. ಆದರೂ 11 ಹಾಳೆ ಮತ್ತೆ ಪ್ರಿಂಟ್ ಹಾಕಿಸಿದೆ. ಅವರು ನೋಡಿ ಮುಖ ತಿರುಗಿಸಿದರು. ಬಾಕಿ 15 ಸಾವಿರ ಬರಲೇ ಇಲ್ಲ. ಪ್ರಿಂಟಿನ ಖರ್ಚೂ ಸೇರಿ ಸುಮಾರು 22 ಸಾವಿರ ಕೈ ಬಿಟ್ಟಿತು.

ಪ್ರಿಂಟ್ ಹಾಕುವ ಲ್ಯಾಬ್‌ನಲ್ಲಿ ನಮ್ಮ ಹಿರಿಯ ಫೋಟೋಗ್ರಾಫರ್ ಒಬ್ಬರು ಸಿಗುತ್ತಾರೆ. ಎಲ್ಲರೂ ಅವರಿಗೆ ಕಾಕಾ ಅಂತೀವಿ. ಐಎಸ್‌ಒ ಏರಿಸಿ ಹೊಡೆದರೆ ಹೇಗೆ ಅಂತ ಅವರನ್ನು ಕೇಳಿದೆ. "800ರ ಮ್ಯಾಲ ಹೋದಿ ಅಂದ್ರ ಫೋಟೋ ತುಂಬ ರವಾ ಬೀಳ್ತದ ನೋಡು. ಹೆಸರು ಕೆಡಸ್ಕೋಬ್ಯಾಡ" ಅಂದರು. ತಪ್ಪಿಲ್ಲ, ಅವರು ರೀಲ್ ಕಾಲದವರು. 400ರ ರೀಲ್ ಹಾಕಿ ದೊಡ್ಡ ಪ್ರಿಂಟ್ ಮಾಡಿದರೆ ರವೆಯಂಥ ಚುಕ್ಕಿ ಎದ್ದು ಕಾಣುತ್ತಿತ್ತು. ಆ ಹೆದರಿಕೆ ನಮಗೂ ದಾಟಿ ಬಂದಿದೆ. ಕ್ಯಾಮೆರಾ ಬದಲಾಯಿತು, ಹೆದರಿಕೆ ಬದಲಾಗಲಿಲ್ಲ.

ಮರುವರ್ಷ ಹೈದರಾಬಾದ್‌ನಿಂದ ಸೆಕೆಂಡ್ ಹ್ಯಾಂಡ್ ಕ್ಯಾನನ್ 6ಡಿ ತಂದೆ. 48 ಸಾವಿರವೋ 50 ಸಾವಿರವೋ. ಮನೆಯವಳು ಚೀಟಿ ಎತ್ತಿ ಕೊಟ್ಟ ದುಡ್ಡು, ಆ ಲೆಕ್ಕ ಇವತ್ತಿಗೂ ಕೇಳಬೇಕು. ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ದೊಡ್ಡ ಸೆನ್ಸರ್ ಬಂತಲ್ಲ, ಇನ್ನು ಕ್ಯಾಮೆರಾನೇ ನಂಬರ್ ಆರಿಸುವ ಆಟೋ ಐಎಸ್‌ಒ ಹಾಕಿದರೆ ಮುಗೀತು ಅಂದುಕೊಂಡೆ. ಮ್ಯಾನುವಲ್ ಮೋಡ್ (ಶಟರ್, ಎಫ್ ನಾನೇ ಇಡೋದು), ಐಎಸ್‌ಒ ಮಿತಿ 6400. ಮೊದಲ ಮದುವೆಯಲ್ಲೇ ಕೈ ಕೊಟ್ಟಿತು. ಹಿಂದೆ ಎಲ್‌ಇಡಿ ಗೋಡೆ ಹತ್ತಿದರೆ 1600, ಆರಿದರೆ 5000. ಬಿಳಿ ಅಂಗಿಯವರು ಸ್ಟೇಜ್ ಹತ್ತಿದ ಕೂಡಲೇ ಹುಡುಗಿಯ ಮುಖ ಕಪ್ಪು. 6ಡಿಯಲ್ಲಿ ಮ್ಯಾನುವಲ್ ಜೊತೆ ಆಟೋ ಐಎಸ್‌ಒ ಇಟ್ಟರೆ ಫೋಟೋದ ಬೆಳಕು (ಎಕ್ಸ್‌ಪೋಷರ್) ಹೆಚ್ಚುಕಡಿಮೆ ಮಾಡುವ ಅವಕಾಶವೂ ಇಲ್ಲ. ಒಂದೇ ಸಾಲಿನಲ್ಲಿ ನಿಂತವರ ಆರು ಫೋಟೋ, ಆರು ಥರದ ಬೆಳಕು. ಸರಿಪಡಿಸಲು ಮೂರು ರಾತ್ರಿ ನಿದ್ದೆಗೆಟ್ಟೆ.

ಹಾಗಾಗಿ ಆಟೋ ತೆಗೆದೆ. ಈಗ ಮಾಡೋದು ಇಷ್ಟೇ. ಒಂದು ತಾಸು ಮೊದಲು ಹಾಲ್‌ಗೆ ಹೋಗುತ್ತೇನೆ. ಲೈಟಿನ ಹುಡುಗನಿಗೆ ಚಹಾ ಕುಡಿಸಿ "ರಾತ್ರಿ ಎಷ್ಟು ಹಚ್ಚತಿ ಅಷ್ಟೂ ಹಚ್ಚಪಾ" ಅನ್ನುತ್ತೇನೆ. ಹುಡುಗಿಯ ಮುಖ ಬರುವ ಜಾಗದಲ್ಲಿ ನಿಂತು ಅಂಗೈ ಹಿಡಿದು ಸ್ಪಾಟ್ ಮೀಟರ್‌ನಲ್ಲಿ (ಒಂದು ಚುಕ್ಕಿ ಜಾಗದ ಬೆಳಕನ್ನಷ್ಟೇ ಅಳೆಯೋದು) ನೋಡುತ್ತೇನೆ. ಮುಖ ಕರಿ ಇರಲಿ ಬಿಳಿ ಇರಲಿ, ಅಂಗೈ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಶಟರ್ 1/100, ಜೋಡಿಗೆ ಎಫ್ 2.8. ಮೀಟರಿನ ಮುಳ್ಳು ಪ್ಲಸ್ 1ಕ್ಕೆ (ನಡುವಿಗಿಂತ ಒಂದು ಸ್ಟಾಪ್ ಮೇಲೆ, ಅಂದರೆ ಎರಡು ಪಟ್ಟು ಬೆಳಕು) ಬರುವವರೆಗೆ ಐಎಸ್‌ಒ ಏರಿಸುತ್ತೇನೆ. ಬಂದ ನಂಬರೇ ಆ ಸ್ಟೇಜಿನ ನಂಬರ್, ತಿರುಗಿ ನೋಡುವ ಮಾತಿಲ್ಲ. ಎರಡು ನಂಬರ್ ನಡುವೆ ನಿಂತರೆ ಮೇಲಿನದಕ್ಕೆ ಹೋಗುತ್ತೇನೆ, ಕೆಳಗಿನದಕ್ಕಲ್ಲ. ಕ್ಯಾಮೆರಾ ಬೆನ್ನಿಗೆ ಬಿಳಿ ಟೇಪ್ ಅಂಟಿಸಿ ಬರೆಯುತ್ತೇನೆ: ಸ್ಟೇಜ್ 3200, ಬಾಗಿಲು 1600, ಊಟ 6400. ಬೀಗರೆಲ್ಲ ಸಾಲಾಗಿ ನಿಂತರೆ ಎಫ್ 4 ಬೇಕು, ಆಗ ಸ್ಟೇಜೂ 6400.

ಶಟರ್ 1/100 ಯಾಕೆ ಅಂದರೆ ಎಲ್‌ಇಡಿ. ನಮ್ಮ ಕರೆಂಟಿಗೆ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/200 ಇಟ್ಟರೆ ಸ್ಟೇಜಿಗೆ ಹಚ್ಚುವ ಅಗ್ಗದ ಪಾರ್ ದೀಪಗಳಲ್ಲಿ ಪಟ್ಟಿ ಪಟ್ಟಿ ಬೀಳುತ್ತದೆ. ಇದು ತಿಳಿಯುವ ಮೊದಲು ಕ್ಯಾಮೆರಾನೇ ಕೆಟ್ಟಿದೆ ಅಂತ ರಿಪೇರಿಗೆ 1,200 ಕೊಟ್ಟು ಬಂದಿದ್ದೆ. 1/100ರಲ್ಲಿ ಅಕ್ಷತೆ ಹಾಕುವಾಗ ಕಾಳು ಕಾಳಾಗಿ ನಿಲ್ಲಲ್ಲ, ಗೀಟು ಗೀಟಾಗಿ ಇಳಿಯುತ್ತವೆ. ಮೊದಲು ಅಳುಕಿದ್ದೆ. ಒಬ್ಬ ಅಜ್ಜಿ ನೋಡಿ "ಮಳಿ ಬಿದ್ದಂಗ ಬಂದಾವ" ಅಂದಮೇಲೆ ಹಾಗೇ ಬಿಟ್ಟೆ.

ಫ್ಲ್ಯಾಶ್ ಬಿಟ್ಟಿಲ್ಲ, ಅದರ ಯಜಮಾನಿಕೆ ತೆಗೆದಿದ್ದೇನೆ. ಮಾಡು ಬಿಳಿ ಇದ್ದರೆ ಮೇಲಕ್ಕೆ ಹೊಡೆಯುತ್ತೇನೆ. 400ರಲ್ಲಿ ಕಾಲು ಪವರ್ ಬೇಕಿದ್ದ ಕಡೆ 1600ರಲ್ಲಿ 1/16 ಸಾಕು. ಮೊದಲು ಒಂದು ಮದುವೆಗೆ ನಾಲ್ಕು ಸೆಟ್ ಸೆಲ್ ಒಯ್ಯುತ್ತಿದ್ದೆ. ಈಗ ಒಂದೂವರೆ ಸೆಟ್‌ನಲ್ಲಿ ಮುಗಿಯುತ್ತದೆ. ತಾಳಿ ಕಟ್ಟುವಾಗ ಫ್ಲ್ಯಾಶ್ ಚಾರ್ಜ್ ಆಗಲಿ ಅಂತ ಬಾಯಿ ತೆರೆದು ಕಾಯುವ ಕಷ್ಟವೂ ತಪ್ಪಿತು.

ಕೈ ಕುದುರಿದ್ದು ಮಾತ್ರ ಮದುವೆಯಲ್ಲಲ್ಲ. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಯಲ್ಲಿ. 1367ರ ಕಟ್ಟಡ, ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಮಾಡು ಹಾಕಿದ್ದು. ಬೆಳಕು ಪಕ್ಕದ ಕಮಾನುಗಳಿಂದ ಬರಬೇಕು. ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿದು ಹೊಡೆಯಬೇಕು. ನಾಲ್ಕೈದು ಭಾನುವಾರ ತಮ್ಮನನ್ನು ಒಂದೊಂದು ಕಮಾನಿನ ಕೆಳಗೆ ನಿಲ್ಲಿಸಿ ಅಂಗೈ ಹಿಡಿದು ಹೊಡೆದೆ. ಬಾಗಿಲ ಹತ್ತಿರ 200, ಹತ್ತು ಹೆಜ್ಜೆ ಒಳಗೆ 1600. ಕಣ್ಣು ಹೊಂದಿಕೊಂಡುಬಿಡುತ್ತದೆ, ನಮಗೆ ಗೊತ್ತೇ ಆಗಲ್ಲ. ಹಾಲ್‌ನಲ್ಲೂ ಅದೇ ಮೋಸ. "ಬೆಳಕು ಭಾಳ ಅದಲ್ಲ" ಅಂತ ಕಣ್ಣು ಹೇಳುತ್ತದೆ, ಅಂಗೈ ಬೇರೆ ಹೇಳುತ್ತದೆ.

ಒಂದು ಸಲ ಅಂಗೈಯೂ ಮುಳುಗಿಸಿತು. ಆಳಂದ ಕಡೆಯ ಒಂದು ಮದುವೆ, ಆಶೀರ್ವಾದಕ್ಕೆ ಸ್ವಾಮಿಗಳು ಬಂದಿದ್ದರು. ಮುಖಗಳೆಲ್ಲ ಚೆನ್ನಾಗಿ ಬಂದವು. ಕಾವಿ ಬಟ್ಟೆ ಮಾತ್ರ ಪ್ಲಾಸ್ಟಿಕ್ ಹಾಳೆಯಂತೆ, ಒಂದು ಮಡಿಕೆಯೂ ಇಲ್ಲ. ಹಿಸ್ಟೋಗ್ರಾಂನಲ್ಲಿ (ಫೋಟೋದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲ ಸರಿಯಿತ್ತು, ಯಾಕಂದರೆ ನಾನು ನೋಡಿದ್ದು ಎಲ್ಲ ಬಣ್ಣ ಸೇರಿಸಿ ತೋರಿಸುವ ಬಿಳಿ ಹಿಸ್ಟೋಗ್ರಾಂ. ಕೆಂಪು ಬಣ್ಣದ್ದು ಬೇರೆಯಾಗಿ ನೋಡಿದ್ದರೆ ಬಲಗೋಡೆಗೆ ಗುದ್ದಿದ್ದು, ಅಂದರೆ ಮಿತಿ ಮೀರಿದ್ದು ಕಾಣುತ್ತಿತ್ತು. 40 ಫೋಟೋ ಹೋದವು. ಈಗ ಕಾವಿ ಬಂದರೆ ಹತ್ತಿರ ಹತ್ತಿರ ಮುಕ್ಕಾಲು ಸ್ಟಾಪ್ ಇಳಿಸುತ್ತೇನೆ. ಹಂದರಕ್ಕೆ ಕೆಂಪು ಬಟ್ಟೆ ಕಟ್ಟಿ ಮಧ್ಯಾಹ್ನ ಸುರಗಿ ಶಾಸ್ತ್ರಕ್ಕೆ ದಾರ ಸುತ್ತುವಾಗಲೂ ಅದೇ. ಮುಖಕ್ಕೆ ಬರುವ ಆ ಕೆಂಪನ್ನು ತೆಗೆಯೋದಕ್ಕೆ ಒಂದು ಉಪಾಯ ಇದೆ. ಅದು ಹೊಟ್ಟೆಪಾಡಿನ ವಿಷಯ, ಬರೆಯಲ್ಲ.

ಇನ್ನು ಕಾಕಾ ಅವರ ಪರೀಕ್ಷೆ. ಒಂದೇ ಸ್ಟೇಜು, ಒಂದೇ ಶಟರ್, ಒಂದೇ ಎಫ್ ನಂಬರ್. ಒಂದು ಫೋಟೋ 800ರಲ್ಲಿ ಹೊಡೆದು ಕಂಪ್ಯೂಟರ್‌ನಲ್ಲಿ ಮೂರು ಸ್ಟಾಪ್ ಎತ್ತಿದ್ದು. ಇನ್ನೊಂದು ನೇರ 6400. ಎರಡೂ ರಾ, ಅಂದರೆ ಕ್ಯಾಮೆರಾ ಒತ್ತದೆ ಬಿಟ್ಟ ಮೂಲ ಫೈಲ್. 12×36 ಇಂಚಿನ ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ ಪ್ರಿಂಟ್ ತೆಗೆಸಿದೆ, ಹೆಸರು ಬರೆಯಲಿಲ್ಲ. ಲ್ಯಾಬ್‌ನಲ್ಲಿ ಏಳೆಂಟು ಜನ ಇದ್ದರು. ಕಾಕಾ ಕನ್ನಡಕ ಏರಿಸಿ, ಹಾಳೆಯನ್ನು ಮೂಗಿನ ತನಕ ತಂದು, ಬೆರಳಿಟ್ಟು ತೋರಿಸಿದರು: "ಇದು ಸಾಫ್ ಅದ. ಇದು 800." ಅದು 6400. ಇಬ್ಬರು ಬಿಟ್ಟು ಉಳಿದವರೂ ಅದನ್ನೇ ತೋರಿಸಿದ್ದರು. ಕಾಕಾ ಹಾಳೆ ಕೆಳಗಿಟ್ಟು "ಪ್ರಿಂಟ್‌ನಾಗ ಏನರೆ ಮಾಡಿರಬೇಕ ನೀ" ಅಂದರು. ಮಾಡಿರಲಿಲ್ಲ. ನಾವು ಸ್ಕ್ರೀನ್‌ನಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿ ನೋಡುವ ರವೆ ಹಾಳೆಗೆ ಇಳಿಯುವಾಗ ಅರ್ಧಕ್ಕರ್ಧ ಮಾಯ. ಕತ್ತಲಿಂದ ಎಳೆದ ಕೊಳೆ ಮಾತ್ರ ಹಾಳೆಯಲ್ಲೂ ಉಳಿಯುತ್ತದೆ. ಇದು ನನ್ನ 6ಡಿ ಮಾತು. ಹೊಸ ಸೋನಿ, ನಿಕಾನ್‌ಗಳಲ್ಲಿ ಕತ್ತಲು ಎಳೆದರೂ ಇಷ್ಟು ಕೆಡಲ್ಲ. ಅವುಗಳ ದುಡ್ಡು ಇರುವವರು ನಕ್ಕು ಮುಂದೆ ಹೋಗಬಹುದು.

2023ರಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ ರವೆ ತೆಗೆಯುವ ಹೊಸ ಡಿನಾಯ್ಸ್ ಬಂದಮೇಲೆ 12800ಕ್ಕೂ ಒಮ್ಮೆ ಕೈ ಹಾಕಿದೆ. ನನ್ನ ಹಳೇ ಕಂಪ್ಯೂಟರ್ ಒಂದು ಫೋಟೋಗೆ ನಾಲ್ಕೈದು ನಿಮಿಷ ತಿಂದಿತು. 600 ಫೋಟೋ ಅಂದರೆ ಲೆಕ್ಕ ನೀವೇ ಹಾಕಿ. ಈಗ ಆಲ್ಬಂಗೆ ಆರಿಸಿದ 80-90ಕ್ಕೆ ಮಾತ್ರ ಹಾಕುತ್ತೇನೆ. ಜಾಸ್ತಿ ಎಳೆದರೆ ಅಜ್ಜಿಯರ ಮುಖದ ಸುಕ್ಕೂ ಹೋಗಿ ಎಲ್ಲರೂ ಮೇಣದ ಗೊಂಬೆ. ನಾನು ಎಷ್ಟಕ್ಕೆ ನಿಲ್ಲಿಸುತ್ತೇನೆ ಅಂತ ಕೇಳಬೇಡಿ.

ಸುಮ್ನೆ ಇನ್ನೆರಡು ಪ್ರಯೋಗ. ಬೀದರ್‌ನಲ್ಲಿ ನಮ್ಮ ಮಾಮಾನ ಗೆಳೆಯರ ಅಂಗಡಿಗೆ ಬಿದರಿ ಹೂದಾನಿಗಳ ಫೋಟೋ ಬೇಕಿತ್ತು. ಅಲ್ಲಿ ಎಲ್ಲ ಉಲ್ಟಾ. ಐಎಸ್‌ಒ 100, ಟ್ರೈಪಾಡ್. ಮೀಟರ್ ಹೇಳಿದಂತೆ ಹೊಡೆದರೆ ಬಿದರಿಯ ಕಪ್ಪು ಬೂದಿ ಬಣ್ಣಕ್ಕೆ ತಿರುಗಿ, ಬೆಳ್ಳಿ ತಂತಿ ಸುಟ್ಟುಹೋಗುತ್ತದೆ. ಒಂದೂವರೆ ಸ್ಟಾಪ್ ಇಳಿಸಿ, ಪಕ್ಕದಿಂದ ಬಟರ್ ಪೇಪರ್ ಹಿಡಿದು ಬೆಳಕು ಬಿಟ್ಟ ಮೇಲೆ ಕಪ್ಪು ಕಪ್ಪಾಯಿತು. 12 ಹೂದಾನಿಗೆ 6 ಸಾವಿರ ಕೊಟ್ಟರು, ಜೊತೆಗೊಂದು ಚಿಕ್ಕ ಬಿದರಿ ಡಬ್ಬಿ.

ಇನ್ನೊಂದು ಕಲಬುರಗಿಯ ಬುದ್ಧ ವಿಹಾರದ ಹತ್ತಿರ, ಮೇ ತಿಂಗಳ ರಾತ್ರಿ. ಕ್ಯಾಮೆರಾ ಸಂಜೆ ತನಕ ಕಾರಿನಲ್ಲೇ ಇತ್ತು. ಆ ದಿನ 43 ಡಿಗ್ರಿ ಇದ್ದಿರಬೇಕು. 30 ಸೆಕೆಂಡ್ ತೆರೆದಿಟ್ಟರೆ ಆಕಾಶದ ತುಂಬ ಕೆಂಪು ನೀಲಿ ಚುಕ್ಕಿ. ನಕ್ಷತ್ರ ಅಂತ ಖುಷಿಪಟ್ಟೆ, ಲೆನ್ಸ್ ಮುಚ್ಚಳ ಹಾಕಿ ಹೊಡೆದರೂ ಅವು ಅಲ್ಲೇ ಇದ್ದವು. ಸೆನ್ಸರ್ ಕಾದರೆ ಐಎಸ್‌ಒ 100 ಇದ್ದರೂ ಬಿಡಲ್ಲ. ಅವತ್ತಿನಿಂದ ಬೇಸಿಗೆಯಲ್ಲಿ ಬ್ಯಾಗ್ ಕಾರಿನಲ್ಲಿ ಬಿಡಲ್ಲ.

ಈಗ ನನ್ನ ನೋಟ್‌ಬುಕ್‌ನಲ್ಲಿ ಕಲಬುರಗಿಯ 30ಕ್ಕೂ ಹೆಚ್ಚು ಹಾಲ್‌ಗಳ ನಂಬರ್ ಇವೆ. ಶಹಾಪುರ, ಯಾದಗಿರಿ ಕಡೆಯವು ಏಳೆಂಟು. ಒಂದು ಮದುವೆಗೆ 35 ಸಾವಿರ ಇದ್ದದ್ದು 60ಕ್ಕೆ ಬಂದಿದೆ. ಡೆಕೋರೇಷನ್‌ನವರೇ ಗಿರಾಕಿ ಕಳಿಸುತ್ತಾರೆ, ಅವರ ಸ್ಟೇಜು ನನ್ನ ಫೋಟೋದಲ್ಲಿ ಕಾಣುತ್ತಲ್ಲ.

ಹೋದ ವಾರ ಕಾಕಾ ಫೋನ್ ಮಾಡಿದ್ದರು. ಅದೇ ಸೇಡಂ ರಸ್ತೆಯ ಹಾಲ್‌ನಲ್ಲಿ ಅವರಿಗೆ ಮದುವೆ ಇತ್ತಂತೆ. "ಸ್ಟೇಜಿಗಿ ಎಷ್ಟು ಇಡ್ತೀಯೋ ನೀ?" ಅಂದರು. 3200 ಅಂತ ಹೇಳಿದೆ. ಊಟದ ಹಾಲ್‌ದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.