ಲ್ಯಾಪ್‌ಟಾಪ್ ನಿಧಾನ ಮಾಡಿ ಟೆಸ್ಟ್ ಸರಿಪಡಿಸಿದ ನನ್ನ ಅನುಭವ

ನಮ್ಮ ಲೈಬ್ರರಿ ಸಾಫ್ಟ್‌ವೇರಿನ ಇಂಟರ್‌ಫೇಸ್ ಟೆಸ್ಟ್‌ಗಳು (ಬ್ರೌಸರನ್ನು ತಾವೇ ಓಡಿಸಿ ಪುಟ ಸರಿ ಇದೆಯೇ ಎಂದು ನೋಡುವ ಪ್ರೋಗ್ರಾಂಗಳು) ಈಗ ಒಂದು ಮಳೆಗಾಲ ಪೂರ್ತಿ ಹಸಿರಾಗಿ, ಅಂದರೆ ಪಾಸ್ ಆಗಿ, ನಿಂತಿವೆ. ಮೊದಲು ಹತ್ತು ಸಲ ಓಡಿಸಿದರೆ ಮೂರು ನಾಲ್ಕು ಸಲ ಕೆಂಪು. ಯಾವ ಟೆಸ್ಟ್ ಬೀಳುತ್ತದೆ ಅನ್ನುವುದೂ ಪ್ರತಿ ಸಲ ಬೇರೆ. "ಇನ್ನೊಮ್ಮೆ ರನ್ ಕೊಡಿ, ಪಾಸ್ ಆಗ್ತದೆ" ಎಂಬುದೇ ಎಲ್ಲರ ಉತ್ತರ. ಸಂಬಳ ಇಲ್ಲದೆ ರಾತ್ರಿ ಕೂತು ಕೆಲಸ ಮಾಡುವವರು ನಾವು. ಕೆಲವರು ಯುರೋಪಿನಲ್ಲಿ, ಮೂವರು ಕಾಸರಗೋಡಿನಲ್ಲಿ. ಕನ್ನಡ, ಮಲಯಾಳ ಎರಡೂ ಇಂಟರ್‌ಫೇಸ್ ನಮ್ಮ ತಲೆಗೆ. ಇದನ್ನು ಸರಿ ಮಾಡಿದ್ದು ಬದಿಯಡ್ಕದ ನನ್ನ ಹಳೇ ಲ್ಯಾಪ್‌ಟಾಪ್. ಅದನ್ನು ಇನ್ನಷ್ಟು ನಿಧಾನ ಮಾಡಿದ ಮೇಲೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಟೆಸ್ಟ್ ಓಡಿಸುವ ಪ್ಲೇರೈಟ್ ಎಂಬ ಸಾಧನದಲ್ಲಿ ರಿಟ್ರೈ 2, ಅಂದರೆ ಬಿದ್ದ ಟೆಸ್ಟನ್ನು ಇನ್ನೆರಡು ಸಲ ಓಡಿಸು, ಎಂದು ಹಾಕಿದೆವು. ಕೆಂಪು ಕಡಿಮೆಯಾಯಿತು, ಆದರೆ 12 ನಿಮಿಷದ ಓಟ ಹೆಚ್ಚು ಕಡಿಮೆ ಅರ್ಧ ಗಂಟೆಗೆ ಹೋಯಿತು. ಆಮೇಲೆ ಅಲ್ಲಲ್ಲಿ 3 ಸೆಕೆಂಡ್, 5 ಸೆಕೆಂಡ್ ಸುಮ್ಮನೆ ಕಾಯುವ ಸ್ಲೀಪ್ ಬಂತು. ಸೆಲೆನಿಯಂ ಎಂಬ ಇನ್ನೊಂದು ಸಾಧನದ ಹಳೇ ಟೆಸ್ಟ್‌ಗಳಲ್ಲಂತೂ ಇಂಪ್ಲಿಸಿಟ್ ವೇಟ್ (ಪ್ರತಿ ಹುಡುಕಾಟಕ್ಕೂ ತಾನಾಗಿ ಕಾಯುವುದು), ಎಕ್ಸ್‌ಪ್ಲಿಸಿಟ್ ವೇಟ್ (ಹೇಳಿದ ಷರತ್ತಿಗಾಗಿ ಕಾಯುವುದು) ಎರಡನ್ನೂ ಬೆರೆಸಿಟ್ಟಿದ್ದರು. ಬೆರೆಸಬೇಡಿ ಎಂದು ಸೆಲೆನಿಯಂ ದಾಖಲೆಯಲ್ಲೇ ಇದೆ: 10 ಸೆಕೆಂಡಿನ ಇಂಪ್ಲಿಸಿಟ್, 15ರ ಎಕ್ಸ್‌ಪ್ಲಿಸಿಟ್ ಸೇರಿದರೆ 20 ಸೆಕೆಂಡಿಗೆ ಟೈಮ್‌ಔಟ್ ಆಗಬಹುದು. ಓದುವವರು ಯಾರು?

ಆಮೇಲೆ ದುಡ್ಡು ಸುರಿದೆವು. ಗಿಟ್‌ಹಬ್‌ನ ಮಾಮೂಲಿ ರನ್ನರ್ (ಟೆಸ್ಟ್ ಓಡಿಸಲು ಕೊಡುವ ಮೆಷಿನ್) ಸಾರ್ವಜನಿಕ ಪ್ರಾಜೆಕ್ಟ್‌ಗಳಿಗೆ ಪುಕ್ಕಟೆ. ಅದು ಸಾಲದು, ದೊಡ್ಡ ಮೆಷಿನ್ ಬೇಕು ಎಂದು ಹಿರಿಯರೊಬ್ಬರು ಹಟ ಹಿಡಿದರು. ಕ್ಲೌಡ್‌ನಲ್ಲಿ ತಿಂಗಳಿಗೆ ಎರಡು ಸಾವಿರದ ಚಿಲ್ಲರೆ ರೂಪಾಯಿಯ ಬಾಡಿಗೆ ಮೆಷಿನ್ ತೆಗೆದೆವು. ವಂತಿಗೆ ಎತ್ತಿದ್ದು, ನನ್ನ ಡಿಟಿಪಿ ಕೆಲಸದ ದುಡ್ಡೂ ಅದರಲ್ಲಿ ಹೋಯಿತು. ಅಲ್ಲಿ ಕ್ರೋಮ್ ನಡುವೆ ಸುಮ್ನೆ ಸಾಯುತ್ತಿತ್ತು. ಕಾರಣ ಸಣ್ಣದು, ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಕಟ್ಟಿ ಓಡಿಸುವ ಡಾಕರ್ ಮಾಮೂಲಿಯಾಗಿ ಕೊಡುವ ಶೇರ್ಡ್ ಮೆಮೊರಿ 64 ಎಂಬಿ ಮಾತ್ರ. ಮೆಷಿನ್ನಿನ ಶೇರ್ಡ್ ಮೆಮೊರಿಯನ್ನೇ ಬಳಸಲು ಐಪಿಸಿ ಹೋಸ್ಟ್ ಎಂದು ಕೊಟ್ಟ ಮೇಲೆ ಅದು ಸಾಯುವುದು ನಿಂತಿತು. ಉಳಿದ ಟೆಸ್ಟ್‌ಗಳು ಬೀಳುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ವಾರಕ್ಕೊಮ್ಮೆ ಬೀಳುವ ಟೆಸ್ಟನ್ನು ಹಿಡಿಯುವುದು ದಿನಾ ಬೀಳುವುದಕ್ಕಿಂತ ಕಷ್ಟ. ವಂತಿಗೆ ಮುಗಿದ ತಿಂಗಳು ಮೆಷಿನ್ ಬಿಟ್ಟುಕೊಟ್ಟೆವು.

ಜೂನ್, ಜುಲೈ ಬಂದರೆ ನನ್ನ ಮನೆಯಲ್ಲಿ ಟೆಸ್ಟ್ ಜಾಸ್ತಿ ಬೀಳುತ್ತಿತ್ತು. ನೆಟ್ ಎಳೆಯುವುದಿಲ್ಲ, ಕರೆಂಟ್ ಹೋದರೆ ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ತಾನೇ ವೇಗ ತಗ್ಗಿಸುತ್ತದೆ. "ನಿನ್ನ ಮೆಷಿನ್ ಸರಿ ಇಲ್ಲ" ಅಂದರು ತಂಡದವರು. ನನಗೆ ಹೊಳೆದದ್ದು ಬೇರೆ. ಇಲ್ಲಿ ಜಾಸ್ತಿ ಬೀಳುವುದಾದರೆ ಹಿಡಿಯುವುದೂ ಇಲ್ಲೇ ಸುಲಭ, ಅಲ್ವಾ? ಪೆರ್ಲದ ಗೆಳೆಯನಿಗೆ ಫೋನ್ ಮಾಡಿದೆ. "ಎಂತ ಮಾರಾಯಾ, ಮೊದಲೇ ಎಮ್ಮೆಯ ಹಾಗೆ ಓಡುವ ಮೆಷಿನ್, ಅದಕ್ಕೆ ಕಾಲು ಬೇರೆ ಕಟ್ತೀಯಾ?" ಅಂದ.

ಕಟ್ಟಿದೆ. ಕ್ರೋಮ್‌ಗೆ ಮೂಲವಾದ ಕ್ರೋಮಿಯಂಗೆ, ಬ್ರೌಸರನ್ನು ಹೊರಗಿನಿಂದ ನಿಯಂತ್ರಿಸುವ ಡೆವ್‌ಟೂಲ್ಸ್ ಪ್ರೋಟೋಕಾಲ್ ಮೂಲಕ ಸಿಪಿಯು 6 ಪಟ್ಟು ನಿಧಾನ. ಆ ಸೌಲಭ್ಯ ಫೈರ್‌ಫಾಕ್ಸ್‌ಗೆ ಸಿಗುವುದಿಲ್ಲ, ಅದಕ್ಕೆ ಡಾಕರ್‌ನಲ್ಲಿ ಅರ್ಧ ಸಿಪಿಯು ಮಾತ್ರ ಕೊಟ್ಟೆ. ವರ್ಕರ್ ಒಂದೇ, ಅಂದರೆ ಒಂದು ಸಲಕ್ಕೆ ಒಂದೇ ಟೆಸ್ಟ್. ರಿಪೀಟ್-ಈಚ್ 50, ಪ್ರತಿ ಟೆಸ್ಟೂ 50 ಸಲ. ಪ್ರತಿ ಹೆಜ್ಜೆಯನ್ನೂ ದಾಖಲಿಸುವ ಟ್ರೇಸ್ ಆನ್. ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಎದ್ದಾಗ ಬಿದ್ದವುಗಳ ಪಟ್ಟಿ ರೆಡಿ. ಅಂದಹಾಗೆ ಪ್ಲೇರೈಟ್‌ನ ಡಾಕರ್ ಇಮೇಜ್ ಇಳಿಸಲು ದಿನದ ಡೇಟಾ ಸಾಲದೆ ಹೋಗಬಹುದು, ಆ್ಯಡ್-ಆನ್ ಹಾಕಿಸಿಕೊಂಡೇ ಕೂತುಕೊಳ್ಳಿ. ಮಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ 8 ಜಿಬಿ ರ‍್ಯಾಮ್ ಸಾವಿರದೈನೂರಕ್ಕೆ ಸಿಕ್ಕಿತು. ನನ್ನ ಈ ವಿಧಾನಕ್ಕೆ ಆದ ದೊಡ್ಡ ಖರ್ಚು ಅದೇ.

ಒಂದೇ ಸಮ ನಿಧಾನ ಮಾಡಿದರೆ ಎಲ್ಲವೂ ಸಿಗುವುದಿಲ್ಲ. ನಡುನಡುವೆ ಬಿಗಿದು ಸಡಿಲಿಸಬೇಕು. ಯಾವಾಗ, ಎಷ್ಟು ಎನ್ನುವ ಸ್ಕ್ರಿಪ್ಟ್ ಸದ್ಯಕ್ಕೆ ನನ್ನಲ್ಲೇ ಇರಲಿ. ಹೊರಗಿನ ಒಂದೆರಡು ಕೆಲಸ ಅದರಿಂದಲೇ ಬರುತ್ತಿದೆ.

ಮೊದಲು ಸಿಕ್ಕಿಬಿದ್ದದ್ದು "ಹುಡುಕು" ಬಟನ್. ಟ್ರೇಸ್ ತೆಗೆದು ಒಂದೊಂದೇ ಹೆಜ್ಜೆ ನೋಡಿದೆ. ಬಟನ್ ಕಾಣುತ್ತಿದೆ, ಕ್ಲಿಕ್ ಸರಿಯಾದ ಜಾಗದಲ್ಲೇ ಬಿದ್ದಿದೆ, ನೆಟ್‌ವರ್ಕ್ ಪಟ್ಟಿ ಮಾತ್ರ ಖಾಲಿ. ಪುಟದ ಎಚ್‌ಟಿಎಂಎಲ್ ಸರ್ವರ್‌ನಿಂದ ಮೊದಲೇ ಬಂದು ಕೂತಿದೆ, ಬಟನ್‌ಗೆ ಜೀವ ಕೊಡುವ ಸ್ಕ್ರಿಪ್ಟ್ ಇನ್ನೂ ಓಡಿಲ್ಲ. ಬಟನ್ ಕಾಣುತ್ತದೆಯೇ, ಅಲುಗಾಡದೆ ನಿಂತಿದೆಯೇ, ಎನೇಬಲ್ ಆಗಿದೆಯೇ ಎಂದೆಲ್ಲ ಪ್ಲೇರೈಟ್ ನೋಡುತ್ತದೆ. ಒಳಗೆ ಸ್ಕ್ರಿಪ್ಟ್ ಅಂಟಿಕೊಂಡಿದೆಯೇ ಎನ್ನುವುದು ಅದಕ್ಕೆ ತಿಳಿಯುವುದಿಲ್ಲ. ನಾನು ಟೆಸ್ಟ್ ಮುಟ್ಟಲಿಲ್ಲ. ಸ್ಕ್ರಿಪ್ಟ್ ಬರುವವರೆಗೆ ಬಟನ್ ಡಿಸೇಬಲ್ ಇರುವಂತೆ ಮಾಡಿದೆ. ಆಗ ಪ್ಲೇರೈಟ್ ತಾನೇ ಕಾಯುತ್ತದೆ. "ಎರಡು ಸಲ ಒತ್ತಬೇಕು" ಎಂದು ಹಳೇ ಕಂಪ್ಯೂಟರ್ ಇರುವ ಲೈಬ್ರರಿಯವರು ದೂರುತ್ತಿದ್ದದ್ದೂ ಅದರ ಜತೆಗೇ ನಿಂತಿತು. ಆವತ್ತಿನಿಂದ ನನ್ನ ಮಾತಿಗೆ ಸ್ವಲ್ಪ ಬೆಲೆ ಬಂತು.

ಕಾಣುತ್ತದೆಯೇ ಎಂದು ಕೇಳುವ ಈಸ್‌ವಿಸಿಬಲ್ ಬಳಸಿದ್ದ ಟೆಸ್ಟ್‌ಗಳು ರಾಶಿ ಬಿದ್ದವು. ಅದು ಕಾಯುವುದಿಲ್ಲ, ಆ ಕ್ಷಣದ ಉತ್ತರ ಕೊಟ್ಟು ಮುಗಿಸುತ್ತದೆ. ಎಲ್ಲವನ್ನೂ, ಕಾಣುವವರೆಗೆ ಕಾಯುವ ಟುಬಿವಿಸಿಬಲ್‌ಗೆ ಬದಲಿಸಿದೆವು. ಬೇಸರದ ಕೆಲಸ, ಹೇಳಲು ಏನೂ ಇಲ್ಲ.

ನಿಧಾನಕ್ಕೆ ಸಂಬಂಧವಿಲ್ಲದ ಒಂದು ಉಳಿದಿತ್ತು. ಪುಸ್ತಕ ವಾಪಸು ಕೊಡುವ ದಿನಾಂಕದ ಟೆಸ್ಟ್, ರಾತ್ರಿ ಮಾತ್ರ ಬೀಳುತ್ತದೆ. ಪುಟ ತೋರಿಸುವುದು ನಮ್ಮ ದಿನಾಂಕ, ಟೆಸ್ಟ್ ಲೆಕ್ಕ ಹಾಕುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ನಾವು ಐದೂವರೆ ಗಂಟೆ ಮುಂದೆ. ಹಾಗಾಗಿ ರಾತ್ರಿ 12ರಿಂದ ಬೆಳಗ್ಗೆ 5.30ರವರೆಗೆ ಟೆಸ್ಟಿಗೆ ಇನ್ನೂ ನಿನ್ನೆಯೇ. ಯುರೋಪಿನವರಿಗೆ ಈ ಕಿಂಡಿ ಒಂದೆರಡು ಗಂಟೆಯಷ್ಟೇ, ಆಗ ಅವರಿಗೆ ನಿದ್ದೆ. ಕೆಲಸ ಮುಗಿಸಿ ಹನ್ನೆರಡರ ಮೇಲೆ ಕೂರುವ ನಮಗೇ ದಿನಾ ಕೆಂಪು. ಗಡಿಯಾರವನ್ನು ಟೆಸ್ಟಿನೊಳಗೇ ಕಟ್ಟಿಹಾಕಿ, ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಎಂದು ಬರೆದು ಮುಗಿಸಿದೆ.

ಇನ್ನು "ಮಂಜೇಶ್ವರ ಗೋವಿಂದ ಪೈ". ಲೇಖಕರ ಹೆಸರಿನ ಹುಡುಕಾಟಕ್ಕೆ ನಾವು ಹಾಕಿದ್ದ ಮಾದರಿ. ಕೆಲವು ದಾಖಲೆಗಳಲ್ಲಿ ಸಿಗುತ್ತಾರೆ, ಕೆಲವದರಲ್ಲಿ ಇಲ್ಲ. ಕಣ್ಣಿಗೆ ಎರಡೂ ಒಂದೇ. ಬೈಟ್ ತೆಗೆದು ನೋಡಿದರೆ ಹಳೇ ಆಸ್ಕಿ ಫಾಂಟಿನಿಂದ ಯೂನಿಕೋಡಿಗೆ ತಂದ ಡೇಟಾದಲ್ಲಿ ಓ ಕಾರ ಮೂರು ತುಂಡು: ಎ ಕಾರ, ಊ ಕಾರ, ಮೇಲೊಂದು ದೀರ್ಘ. ಕೀಬೋರ್ಡಿನಿಂದ ಬರುವುದು ಒಂದೇ ಸಂಕೇತ. ಏ, ಐ ಕಾರಗಳದ್ದೂ ಇದೇ ಕಥೆ. ಈ ಒಂದು ಹೆಸರಿನಲ್ಲಿ ಮೂರೂ ಇವೆ ನೋಡಿ. ಸೇವ್ ಮಾಡುವಾಗ, ಹುಡುಕುವಾಗ ಎರಡೂ ಕಡೆ ಎನ್‌ಎಫ್‌ಸಿ (ಇಂಥ ತುಂಡುಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವ ಯೂನಿಕೋಡ್ ವಿಧಾನ) ಮಾಡಿದರೆ ಕನ್ನಡದ ಈ ತೊಂದರೆ ಮುಗಿಯಿತು. ಮಲಯಾಳ ಬಗ್ಗಲಿಲ್ಲ. 2008ರಲ್ಲಿ ಯೂನಿಕೋಡ್ 5.1 ಚಿಲ್ಲಕ್ಷರಗಳಿಗೆ (ಮಲಯಾಳದ ಸ್ವರವಿಲ್ಲದ ವ್ಯಂಜನರೂಪಗಳು) ಸ್ವಂತ ಸಂಕೇತ ಕೊಟ್ಟಿತು. ಅದಕ್ಕೂ ಮೊದಲಿನ ಜೋಡಣೆಯನ್ನು ಎನ್‌ಎಫ್‌ಸಿ ಇದಕ್ಕೆ ಸರಿಸಮ ಮಾಡುವುದಿಲ್ಲ. ಕೈಯಲ್ಲೇ ಒಂದು ಪಟ್ಟಿ ಬರೆದು ಬದಲಿಸಬೇಕಾಯಿತು.

ನಡುವೆ ಸ್ಕ್ರೀನ್‌ಶಾಟ್ ಹೋಲಿಸುವ ಚಪಲವೂ ಹತ್ತಿತು. ಕನ್ನಡ ಪುಟದ ಸ್ಕ್ರೀನ್‌ಶಾಟ್ ಟೆಸ್ಟ್ ಒಂದು ವರ್ಷದ ಮೇಲಾಯಿತು, ಒಮ್ಮೆಯೂ ಬಿದ್ದಿರಲಿಲ್ಲ. ಅನುಮಾನ ಬಂದು ಚಿತ್ರ ತೆರೆದೆ. ರನ್ನರ್‌ನಲ್ಲಿ ಕನ್ನಡ ಫಾಂಟೇ ಇಲ್ಲ. ಮೂಲ ಚಿತ್ರದಲ್ಲೂ ಡಬ್ಬಿ, ಹೊಸ ಚಿತ್ರದಲ್ಲೂ ಡಬ್ಬಿ, ಎರಡೂ ಸಮ, ಪಾಸ್! ನೋಟೊ ಫಾಂಟ್ ಹಾಕಿದ ಮೇಲೆ ಒಂದೆರಡು ಪಿಕ್ಸೆಲ್ ವ್ಯತ್ಯಾಸಕ್ಕೂ ಜಗಳ ಶುರುವಾಯಿತು. ಕೊನೆಗೆ "ಸ್ವಾತಂತ್ರ್ಯ", "ರಾಷ್ಟ್ರ" ಇರುವ ಒಂದು ಪುಟ ಉಳಿಸಿ ಬೇರೆಲ್ಲ ತೆಗೆದೆ. ಒತ್ತಕ್ಷರ ಒಡೆದರೆ ಗೊತ್ತಾಗಲು ಅಷ್ಟು ಸಾಕು.

ಈಗ ರಿಟ್ರೈ ಸೊನ್ನೆ. ಸ್ಲೀಪ್ ಒಂದೂ ಇಲ್ಲ. ಪುಕ್ಕಟೆ ರನ್ನರ್‌ನಲ್ಲೇ ಎಂಟು ಒಂಬತ್ತು ನಿಮಿಷಕ್ಕೆ ಮುಗಿಯುತ್ತದೆ. ದೊಡ್ಡ ಮೆಷಿನ್ ಬೇಕೆಂದವರೇ ಈಗ ಹೊಸ ಟೆಸ್ಟ್ ಸೇರಿಸುವವರಿಗೆ "ಮೊದಲು ನಿಧಾನದಲ್ಲಿ 50 ಸಲ ಓಡಿಸಿ" ಎನ್ನುತ್ತಿದ್ದಾರೆ. ಬಾಕಿ ಇರುವುದು ಬಾರ್‌ಕೋಡ್ ಲೇಬಲ್ ಮುದ್ರಣ. ಪ್ರಿಂಟ್ ಡೈಲಾಗ್ ಪುಟದ ಹೊರಗಿನದು, ಪ್ಲೇರೈಟ್‌ಗೆ ಅಲ್ಲಿ ಕೈ ಹಾಕಲು ಆಗುವುದಿಲ್ಲ. ವಿಂಡೋ ಪ್ರಿಂಟ್ ಕರೆಯನ್ನೇ ನಮ್ಮದೊಂದು ಫಂಕ್ಷನ್ನಿನಿಂದ ಮುಚ್ಚಿ, ಕರೆ ಬಂತೇ ಎಂದಷ್ಟೇ ನೋಡುತ್ತಿದ್ದೇವೆ. ಲೇಬಲ್ ಕಾಗದದ ಮೇಲೆ ಓರೆ ಬಿದ್ದರೆ ಸದ್ಯಕ್ಕೆ ಲೈಬ್ರರಿಯವರೇ ಫೋನ್ ಮಾಡಬೇಕು.