ಮುದ್ದೆಯ ಹದದಲ್ಲಿ ಕ್ಷೌರದ ಸಾಬೂನು

ನಮ್ಮ ಯಜಮಾನರ ಗಡ್ಡ ಕಬ್ಬು ಕಡಿದ ಗದ್ದೆಯ ಕೂಳೆಯಂತೆ ಒರಟು, ಚರ್ಮ ಮಾತ್ರ ಬಹಳ ಸೂಕ್ಷ್ಮ. ಡಬ್ಬಿಯಲ್ಲಿ ಬರುವ ನೊರೆ ಹಚ್ಚಿದ ದಿನವೆಲ್ಲ ಕುತ್ತಿಗೆ ಉರಿಯುತ್ತದೆಂದು ಅವರು ಹೇಳುತ್ತಿದ್ದುದರಿಂದ, ಸ್ನಾನದ ಸಾಬೂನು ಮಾಡಿ ರೂಢಿಯಿದ್ದ ಧೈರ್ಯದ ಮೇಲೆ ನಾನೇ ಒಂದು ಬಿಲ್ಲೆ ಮಾಡಿಕೊಟ್ಟೆ. ತೆಂಗಿನೆಣ್ಣೆ, ಕಾಸ್ಟಿಕ್ ಸೋಡಾ ಎರಡೇ ಬಿದ್ದಿದ್ದ ಆ ಬಿಲ್ಲೆ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ನೊರೆಯೇನೋ ದೊಡ್ಡ ಗುಳ್ಳೆಗಳಾಗಿ ಎದ್ದಿತು, ಆದರೆ ಒಂದು ಕೆನ್ನೆ ಹೆರೆದು ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ಮೇಲೆ ಒಣಗಿ ಬಿಳಿಯ ಗೆರೆಯಾಗಿತ್ತು. ಕೊನೆಗೆ ಅದನ್ನು ಬಟ್ಟೆ ಒಗೆಯಲು ಹಾಕಿ ಮುಗಿಸಿದೆವು.

ಸ್ನಾನದ ಸಾಬೂನು ಮೈಯ ಕೊಳೆ ತೆಗೆದರೆ ಸಾಕು. ಕ್ಷೌರದ ಸಾಬೂನಿನ ನೊರೆಯಾದರೋ ಕೆನೆಮೊಸರಿನಂತೆ ದಟ್ಟವಾಗಿ, ಕೂದಲಿನ ಬುಡದಲ್ಲಿ ನೀರನ್ನು ಹಿಡಿದಿಟ್ಟು, ಬ್ಲೇಡು ಜಾರಿಕೊಂಡು ಹೋಗುವಂತೆ ಹತ್ತು ನಿಮಿಷವಾದರೂ ನಿಲ್ಲಬೇಕು. ಈ ಗುಣ ಬರಲು ಮುಖ್ಯವಾಗಿ ಎರಡು ವಸ್ತುಗಳು ಬೇಕು. ಒಂದು ಸ್ಟಿಯರಿಕ್ ಆಮ್ಲ. ಮೇಣದಬತ್ತಿ ಮಾಡುವವರು ಬಳಸುವ ಬಿಳಿಯ ಹಳಕುಗಳು ಇವೇ, ನೊರೆಗೆ ದಪ್ಪ ಕೊಡುವುದೂ ಇದೇ. ಇನ್ನೊಂದು ಕಾಸ್ಟಿಕ್ ಪೊಟ್ಯಾಷ್. ಸೋಡಾದಿಂದ ಆದ ಸಾಬೂನು ಗಟ್ಟಿಯಾಗಿ ನಿಧಾನವಾಗಿ ಕರಗುತ್ತದೆ, ಪೊಟ್ಯಾಷಿನಿಂದ ಆದದ್ದು ಮೆತ್ತಗಿದ್ದು ಬ್ರಷ್ಷು ಮುಟ್ಟಿದೊಡನೆ ನೊರೆಯೇಳುತ್ತದೆ. ಎರಡನ್ನೂ ಬೆರೆಸಿದರೆ ಬಿಲ್ಲೆಯೂ ನಿಲ್ಲುತ್ತದೆ, ನೊರೆಯೂ ಬರುತ್ತದೆ.

ನಾನು ಹಾಕುವ ಅಳತೆ ಹೀಗಿದೆ: ಸ್ಟಿಯರಿಕ್ ಆಮ್ಲ 260 ಗ್ರಾಂ, ಗಾಣದ ತೆಂಗಿನೆಣ್ಣೆ 180 ಗ್ರಾಂ, ಹರಳೆಣ್ಣೆ 60 ಗ್ರಾಂ, ಕಾಸ್ಟಿಕ್ ಪೊಟ್ಯಾಷ್ 72 ಗ್ರಾಂ, ಕಾಸ್ಟಿಕ್ ಸೋಡಾ 29 ಗ್ರಾಂ, ಡಿಸ್ಟಿಲ್ಡ್ ನೀರು 250 ಗ್ರಾಂ, ಕೊನೆಗೆ ಸೇರಿಸಲು ಗ್ಲಿಸರಿನ್ 30 ಗ್ರಾಂ. ಅಂಗಡಿಯ ಪೊಟ್ಯಾಷ್ ಸಾಮಾನ್ಯವಾಗಿ ಶೇ 85ರಿಂದ 90ರಷ್ಟು ಮಾತ್ರ ಶುದ್ಧವಾಗಿರುವುದನ್ನು ಲೆಕ್ಕಕ್ಕೆ ಹಿಡಿದು, ಒಂದಿಷ್ಟು ಎಣ್ಣೆ ಸಾಬೂನಾಗದೆ ಉಳಿದು ಚರ್ಮವನ್ನು ಕಾಯಲೆಂದು ಈ ಪ್ರಮಾಣ ಇಟ್ಟಿದ್ದೇನೆ. ತೆಂಗಿನೆಣ್ಣೆಯ ಬದಲು ಬೇರೆ ಎಣ್ಣೆ ಹಾಕಿದರೆ ಕ್ಷಾರದ, ಅಂದರೆ ಈ ಪೊಟ್ಯಾಷ್ ಮತ್ತು ಸೋಡಾದ, ಲೆಕ್ಕವನ್ನೂ ಬದಲಿಸಬೇಕಾಗುತ್ತದೆ, ಏಕೆಂದರೆ ಒಂದೊಂದು ಎಣ್ಣೆ ಬೇಡುವ ಕ್ಷಾರ ಒಂದೊಂದು ತೂಕ. ಅಡುಗೆಯಲ್ಲಿ ಕಣ್ಣಳತೆಗೆ ನಾನು ಎಂದೂ ವಿರೋಧವಲ್ಲ, ಸಾರಿಗೆ ಉಪ್ಪನ್ನು ಇಂದಿಗೂ ಕೈಯಲ್ಲೇ ಹಾಕುತ್ತೇನೆ; ಆದರೆ ಇಲ್ಲಿ ಲೋಟ, ಚಮಚಗಳನ್ನು ದೂರವಿಟ್ಟು ಪ್ರತಿಯೊಂದನ್ನೂ, ನೀರನ್ನು ಕೂಡ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಲೇಬೇಕು. ಧನುರ್ಮಾಸದ ಚಳಿಗೆ ಮೈಸೂರಿನಲ್ಲಿ ತೆಂಗಿನೆಣ್ಣೆ ಗಟ್ಟಿ ಕಟ್ಟುವುದರಿಂದ, ಆಗಂತೂ ಲೋಟದ ಅಳತೆ ಪೂರಾ ತಪ್ಪುತ್ತದೆ.

ಕ್ಷಾರ ಕರಗಿಸುವ ಕೆಲಸವನ್ನು ಮಕ್ಕಳು ಶಾಲೆಗೆ ಹೋದ ಮೇಲೆ ಹಿತ್ತಿಲಿನಲ್ಲಿ ಮಾಡುವುದು ಒಳ್ಳೆಯದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಮುಚ್ಚುಕನ್ನಡಕ, ಮೈಮೇಲೆ ತುಂಬುತೋಳಿನ ಬಟ್ಟೆ ಇರಲಿ. ನೀರಿಗೆ ಕ್ಷಾರವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಕ್ಷಾರದ ಮೇಲೆ ನೀರು ಸುರಿಯಬಾರದು. ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದೇ ಆಗಿರಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದು ಹಾಕುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಏಳುತ್ತದೆ. ಮೈಮೇಲೆ ಹನಿ ಬಿದ್ದರೆ ಹುಳಿ, ನಿಂಬೆರಸ ಎಂದು ಹುಡುಕದೆ ಕೂಡಲೇ ನಲ್ಲಿಯ ಕೆಳಗೆ ಹಿಡಿದು ಇಪ್ಪತ್ತು ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಬೇಯಿಸುವ ಮಾತು. ಅಗಲವಾದ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು ಅದರೊಳಗೆ ಇನ್ನೊಂದು ಎತ್ತರದ ಸ್ಟೀಲ್ ಪಾತ್ರೆಯನ್ನಿಟ್ಟು, ಅದರಲ್ಲಿ ಎಣ್ಣೆಗಳನ್ನೂ ಸ್ಟಿಯರಿಕ್ ಹಳಕುಗಳನ್ನೂ ಕರಗಿಸಬೇಕು. ಮಿಶ್ರಣ ಉಕ್ಕುವುದರಿಂದ ಪಾತ್ರೆ ಅರ್ಧದಷ್ಟಾದರೂ ಖಾಲಿ ಇರಲಿ. ಸ್ಟಿಯರಿಕ್ ಕರಗುವುದು ಸುಮಾರು 70 ಡಿಗ್ರಿಗೆ, ಆದ್ದರಿಂದ ಈ ಸಾಬೂನನ್ನು ತಣ್ಣಗೆ ಕಲಸಿ ಅಚ್ಚಿಗೆ ಹೊಯ್ಯಲು ಬರುವುದಿಲ್ಲ. ಇದು ಎಣ್ಣೆಯಲ್ಲ, ಆಮ್ಲ; ಕ್ಷಾರದ ನೀರು ತಾಗಿದ ಗಳಿಗೆಯಲ್ಲೇ ಸಾಬೂನಾಗಿ ಗಂಟುಗಂಟಾಗುತ್ತದೆ. ಮೊದಲ ಸಲ ನೋಡಿದವರು ಕೆಟ್ಟೇಹೋಯಿತೆಂದು ಗಾಬರಿಯಾಗುತ್ತಾರೆ. ನನ್ನ ಸೊಸೆಯೂ ಹಾಗೆಯೇ, "ಅತ್ತೆ, ಒಡೆದುಹೋಯ್ತು, ಚೆಲ್ಲಿಬಿಡಲಾ?" ಎಂದು ಪಾತ್ರೆಗೆ ಕೈಹಾಕಿದ್ದಳು. ಮುದ್ದೆ ಮಾಡಿ ಬಲ್ಲವರಿಗೆ ಇದು ಹೊಸದಲ್ಲ. ಎಸರಿಗೆ ರಾಗಿಹಿಟ್ಟು ಬಿದ್ದಾಗ ಹೇಗೆ ಗಂಟಾಗುತ್ತದೆಯೋ ಹಾಗೆಯೇ ಇದೂ ಆಗಿ, ಹಿಟ್ಟಿನ ಕೋಲಿನಿಂದ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವುತ್ತಾ ಹೋದರೆ ಗಂಟುಗಳು ಒಡೆದು ಒಂದಾಗುತ್ತವೆ. (ಆ ಕೋಲು ಆಮೇಲೆ ಅಡುಗೆಮನೆಗೆ ಮರಳಬಾರದು.) ಮುಚ್ಚಳ ಮುಚ್ಚಿ, ಹತ್ತು ನಿಮಿಷಕ್ಕೊಮ್ಮೆ ತಿರುವುತ್ತಾ ಒಂದರಿಂದ ಒಂದೂವರೆ ಗಂಟೆ ಬೇಯಿಸಿದಾಗ ಹಿಟ್ಟಿನ ಬಿಳುಪು ಕಳೆದು ವ್ಯಾಸಲೀನಿನಂತೆ ಅರೆಪಾರದರ್ಶಕವಾದ ಹೊಳಪು ಬರುತ್ತದೆ. ಚೂರು ತೆಗೆದು ಆರಿಸಿ, ಒದ್ದೆ ಬೆರಳಿನಲ್ಲಿ ಉಜ್ಜಿ, ಆ ನೊರೆಯನ್ನು ನಾಲಿಗೆಯ ತುದಿಗೆ ಸೋಕಿಸಿ ನೋಡಿದಾಗ ಬರಿಯ ಸಾಬೂನಿನ ರುಚಿಯಿದ್ದರೆ ಆಯಿತು. ಚುರ್ರೆಂದು ಕಚ್ಚಿದರೆ ಇನ್ನೂ ಬೇಯಬೇಕು. ಮತ್ತೆ ಅರ್ಧ ಗಂಟೆ ಬೇಯಿಸಿದರೂ ಕಚ್ಚುತ್ತಿದ್ದರೆ ತೂಕದಲ್ಲೇ ತಪ್ಪಾಗಿದೆ, ಅದನ್ನು ಮುಖಕ್ಕೆ ಹಚ್ಚಕೂಡದು.

ಇಳಿಸಿ ಸ್ವಲ್ಪ ಆರಿದ ಮೇಲೆ ಗ್ಲಿಸರಿನ್ ಹಾಕಿ ನಾದಬೇಕು. ಪರಿಮಳ ಬೇಕೆನಿಸಿದರೆ ಈಗಲೇ ಸೇರಿಸಬೇಕು. ಮುಖಕ್ಕೆ ಹಚ್ಚುವುದಾದ್ದರಿಂದ ಒಟ್ಟು ತೂಕದ ಶೇ 1ನ್ನು ಮೀರದಿರಲಿ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಶ್ರೀಗಂಧದ ಕೊರಡು ಸಾಗಿಸಲಾಗದೆ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ನಿಂತ ಊರಿನವರು ನಾವು, ಆದರೂ ಇಂದಿನ ಬೆಲೆಗೆ ನನ್ನ ಕೈ ನಾಲ್ಕು ಹನಿಯ ಮುಂದೆ ಹೋಗುವುದಿಲ್ಲ. ಅರಿಸಿನ ಬ್ರಷ್ಷನ್ನು ಹಳದಿ ಮಾಡುತ್ತದೆ, ಹಸಿ ಲೋಳೆಸರ ಕೊಳೆತು ವಾಸನೆ ಹಿಡಿಯುತ್ತದೆ, ಎರಡೂ ಬೇಡ.

ಅಚ್ಚಿಗೆ ನಾನು ನಯವಾಗಿ ಉಜ್ಜಿದ ತೆಂಗಿನ ಕರಟಗಳನ್ನೇ ಬಳಸುತ್ತೇನೆ. ಬಿಸಿಯಿರುವಾಗಲೇ ಗಾಳಿ ಸಿಕ್ಕದಂತೆ ಒತ್ತಿ ತುಂಬಿದರೆ ಅದೇ ಬಟ್ಟಲೂ ಆಗುತ್ತದೆ, ಅಡಿಗೆ ಸಣ್ಣ ಸಿಂಬೆಯಿಟ್ಟರೆ ಉರುಳುವುದಿಲ್ಲ. ಮೇಲಿನ ಅಳತೆಗೆ ಐದಾರು ಕರಟ ತುಂಬುತ್ತವೆ. ಮರುದಿನವೇ ಬಳಸಬಹುದಾದರೂ ಮೂರು ನಾಲ್ಕು ವಾರ ನೆರಳಿನಲ್ಲಿ ಆರಿದರೆ ನೀರಿನಂಶ ಇಳಿದು ಹೆಚ್ಚು ದಿನ ಬಾಳುತ್ತದೆ.

ಇಷ್ಟಾದರೂ ನೊರೆ ಬಾರದಿದ್ದರೆ ಸಾಬೂನನ್ನು ಬೈಯುವ ಮೊದಲು ನೀರನ್ನು ನೋಡಬೇಕು. ಮಂಡ್ಯದ ನಮ್ಮ ತವರಿನಲ್ಲಿ ಬೋರ್‌ವೆಲ್ ನೀರು. ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವಷ್ಟು ಗಡಸು. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಮೊಸರೊಡೆದಂತೆ ಕರಣೆಯಾಗುತ್ತದೆ, ನೊರೆಯಾಗುವುದಿಲ್ಲ. ಮೈಸೂರಿನ ಮನೆಯಲ್ಲಿ ಕಾವೇರಿ ನೀರಿಗೆ ಉಕ್ಕುವ ಅದೇ ಕರಟ ಅಲ್ಲಿ ಸಪ್ಪೆಯಾಗಿದ್ದನ್ನು ಕಂಡ ಮೇಲೆ, ಊರಿಗೆ ಹೋದಾಗ ಯಜಮಾನರು ಒಂದು ಲೋಟ ಕುಡಿಯುವ ಫಿಲ್ಟರ್ ನೀರನ್ನು ಬೆಚ್ಚಗೆ ಮಾಡಿ ಕ್ಷೌರಕ್ಕೆಂದೇ ಪಕ್ಕಕ್ಕಿಟ್ಟುಕೊಳ್ಳುತ್ತಾರೆ. ಬ್ರಷ್ಷನ್ನು ಅದರಲ್ಲಿ ಎರಡು ನಿಮಿಷ ನೆನೆಸಿ, ಹಿಂಡಿ, ಸಾಬೂನಿನ ಮೇಲೆ ಅರ್ಧ ನಿಮಿಷ ಸುತ್ತಿಸಿ, ಮುಖದ ಮೇಲೆ ತಿರುಗಿಸುತ್ತಾ ಹನಿಹನಿಯಾಗಿ ನೀರು ಸೇರಿಸುತ್ತಾರೆ. ಮುಗಿದ ಮೇಲೆ ಕರಟವನ್ನು ಓರೆಯಾಗಿಟ್ಟು ನೀರು ಬಸಿಯಲು ಬಿಡಬೇಕು, ಇಲ್ಲವಾದರೆ ಪೊಟ್ಯಾಷ್ ಸಾಬೂನು ವಾರದೊಳಗೆ ಅಂಬಲಿಯಾಗಿ ಕೂರುತ್ತದೆ.